ಗಣಿ ಮತ್ತು ಕ್ವಾರಿ ಸುರಂಗಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದವರು "ಏನು ಕೆಲಸ?" ಅಂತ ಕೇಳುತ್ತಾರೆ. "ಗಣಿಯಲ್ಲಿ ಸುರಂಗ ಮಾಡೋದು" ಅಂದ ಕೂಡಲೇ ಪ್ರಶ್ನೆಗಳು ಶುರು. ಮೇಲಿಂದ ಬೀಳಲ್ವಾ? ಉಸಿರಾಟಕ್ಕೆ ಏನು ಮಾಡ್ತೀರಿ? ಕೆಜಿಎಫ್ ಒಳಗೆ ಹೋಗಿದ್ದೀರಾ? ಎಷ್ಟೋ ವರ್ಷಗಳಿಂದ ಇವೇ ಪ್ರಶ್ನೆಗಳು ಬರುತ್ತಿವೆ. ಎಲ್ಲವೂ ಒಳ್ಳೆಯ ಪ್ರಶ್ನೆಗಳೇ. ಎಲೆ ಮುಂದೆ ಕೂತು ಅರ್ಧಂಬರ್ಧ ಹೇಳುವ ಬದಲು ಇಲ್ಲಿ ಸಮಾಧಾನವಾಗಿ ಬರೆದಿದ್ದೇನೆ.

ಗಣಿ ಸುರಂಗವೂ ಮೆಟ್ರೊ ಸುರಂಗವೂ ಒಂದೇ ಅಲ್ವಾ?

ಎರಡೂ ನೆಲದೊಳಗಿನ ದಾರಿಗಳೇ, ಆದರೆ ಲೆಕ್ಕ ಬೇರೆ. ಮೆಟ್ರೊ ಸುರಂಗ ನೂರು ವರ್ಷ ಇರಬೇಕು, ಏನೂ ಗೊತ್ತಿಲ್ಲದ ಲಕ್ಷಾಂತರ ಜನ ಅದರಲ್ಲಿ ಓಡಾಡುತ್ತಾರೆ. ಗಣಿಯಲ್ಲಿ ಕೆಲವು ದಾರಿ ಮೂವತ್ತು ವರ್ಷ ಬೇಕಾಗುತ್ತವೆ. ಇನ್ನು ಕೆಲವು ಆರೇ ತಿಂಗಳು. ಅದಿರು ತೆಗೆದ ಮೇಲೆ ಅವನ್ನು ತುಂಬಿಸಿಬಿಡುತ್ತಾರೆ. ಒಳಗೆ ಓಡಾಡುವವರೂ ತರಬೇತಿ ಪಡೆದವರು, ತಲೆಗೆ ಹೆಲ್ಮೆಟ್ ಇರುತ್ತದೆ, ಕಣ್ಣು ಚಾವಣಿ ಮೇಲೆ ಇರುತ್ತದೆ.

ವಿನ್ಯಾಸದ ಲೆಕ್ಕದಲ್ಲಿಯೇ ಈ ವ್ಯತ್ಯಾಸ ಬರುತ್ತದೆ. ಬಂಡೆಯ ಗುಣಕ್ಕೆ ಅಂಕಿ ಕೊಟ್ಟು ಎಷ್ಟು ಆಧಾರ ಬೇಕು ಅಂತ ಹೇಳುವ, ನಾರ್ವೆಯಲ್ಲಿ 1974ರಲ್ಲಿ ರೂಪಿಸಿದ 'ಕ್ಯೂ' ಪದ್ಧತಿಯನ್ನು ಇವತ್ತಿಗೂ ಎಲ್ಲೆಡೆ ಬಳಸುತ್ತಾರೆ. ಅದರಲ್ಲಿ ಸುರಂಗದ ಅಗಲವನ್ನು ಒಂದು ಅಂಕಿಯಿಂದ ಭಾಗಿಸಬೇಕು. ದೊಡ್ಡ ರಸ್ತೆ ಸುರಂಗಕ್ಕೆ ಆ ಅಂಕಿ 1. ಗಣಿಯ ಕಾಯಂ ದಾರಿಗೆ 1.6. ತಾತ್ಕಾಲಿಕ ದಾರಿಗೆ 3ರಿಂದ 5. ಅಂದರೆ ಒಂದೇ ಬಂಡೆಯಲ್ಲಿ, ಒಂದೇ ಅಗಲದಲ್ಲಿ ಕೊರೆದರೂ ಗಣಿಯ ತಾತ್ಕಾಲಿಕ ದಾರಿಗೆ ಆಧಾರ ಕಡಿಮೆ ಸಾಕು ಅನ್ನುತ್ತದೆ ಲೆಕ್ಕ. ಇದನ್ನು ಅಸಡ್ಡೆ ಅಂದುಕೊಳ್ಳಬೇಡಿ. ಯಾವ ದಾರಿ ಎಷ್ಟು ದಿನಕ್ಕೆ, ಯಾರ ಓಡಾಟಕ್ಕೆ ಅಂತ ಮೊದಲೇ ನಿರ್ಧರಿಸಿ ಆಮೇಲೆ ಲೆಕ್ಕ ಹಾಕುತ್ತಾರೆ. ತಾತ್ಕಾಲಿಕ ಅಂತ ಮಾಡಿದ ದಾರಿಯನ್ನು ವರ್ಷಗಟ್ಟಲೆ ಬಳಸಿದರೆ ಮಾತ್ರ ಅದು ಅಸಡ್ಡೆ.

ಒಂದು ಗಣಿಯಲ್ಲಿ ಎಷ್ಟು ಬಗೆಯ ದಾರಿಗಳಿರುತ್ತವೆ?

ನೆಲದ ಮೇಲಿಂದ ನೇರ ಕೆಳಗಿಳಿಯುವ ಬಾವಿಯಂಥದ್ದು ಶಾಫ್ಟ್. ಬೆಟ್ಟದ ಪಕ್ಕದಿಂದ ಅಡ್ಡಕ್ಕೆ ಒಳಹೋಗುವುದು ಅಡಿಟ್. ಲಾರಿ ಇಳಿಯುವ ಹಾಗೆ ಓರೆಯಾಗಿ ಹೋಗುವುದು ಡಿಕ್ಲೈನ್. ಶಾಫ್ಟ್‌ನಿಂದ ಒಂದೊಂದು ಆಳದಲ್ಲಿ ಅಡ್ಡಕ್ಕೆ ತೆರೆದುಕೊಳ್ಳುವ ಮಹಡಿಗಳು ಲೆವೆಲ್. ಅದಿರಿನ ಪಟ್ಟಿಯ ಉದ್ದಕ್ಕೂ ಸಾಗುವ ದಾರಿ ಡ್ರೈವ್, ಅದನ್ನು ಅಡ್ಡ ಹಾಯುವುದು ಕ್ರಾಸ್‌ಕಟ್. ಕೆಳಗಿನ ಮಹಡಿಯಿಂದ ಮೇಲಕ್ಕೆ ಕೊರೆದರೆ ರೈಸ್, ಮೇಲಿನಿಂದ ಕೆಳಕ್ಕೆ ಕೊರೆದರೆ ವಿಂಜ್. ಅದಿರನ್ನು ನಿಜವಾಗಿ ಕಿತ್ತು ತೆಗೆಯುವ ಜಾಗ ಸ್ಟೋಪ್.

ಕನ್ನಡದಲ್ಲಿ ಮಾತಾಡುವ ಗಣಿ ಕಾರ್ಮಿಕರೂ ಇವೇ ಪದ ಬಳಸುತ್ತಾರೆ. ಒಂದು ಹಳೆಯ ಗಣಿಯಲ್ಲಿ ಇವೆಲ್ಲ ಸೇರಿದರೆ ಉದ್ದ ನಂಬಲಾಗದಷ್ಟು ಬೆಳೆಯುತ್ತದೆ. ಕೋಲಾರ ಚಿನ್ನದ ಗಣಿಯ ದಾರಿಗಳನ್ನು ಒಟ್ಟು ಸೇರಿಸಿದರೆ ಸಾವಿರ ಕಿಲೋಮೀಟರ್ ದಾಟುತ್ತದೆ.

ಕ್ವಾರಿ ಅಂದರೆ ತೆರೆದ ಗುಂಡಿ. ಅದಕ್ಕೆ ಸುರಂಗ ಯಾಕೆ?

ನಮ್ಮ ರಾಜ್ಯದ ಗ್ರಾನೈಟ್ ಕ್ವಾರಿ, ಶಹಾಬಾದ್ ಕಲ್ಲಿನ ಕ್ವಾರಿ ಎಲ್ಲ ತೆರೆದವೇ. ಅವಕ್ಕೆ ಸುರಂಗ ಬೇಕಿಲ್ಲ. ಆದರೆ ಕಲ್ಲಿನ ಒಳ್ಳೆಯ ಪದರ ಬೆಟ್ಟದೊಳಗೆ ಹೊಕ್ಕಿದ್ದರೆ ಮೇಲಿನ ಇಡೀ ಬೆಟ್ಟ ಕಿತ್ತು ಹಾಕುವ ಬದಲು ಒಳಗೇ ನುಗ್ಗುವುದು ಅಗ್ಗ. ಇಟಲಿಯ ಕರಾರದಲ್ಲಿ ಅಮೃತಶಿಲೆಯನ್ನು ಹೀಗೆ ಬೆಟ್ಟದ ಹೊಟ್ಟೆಯೊಳಗಿಂದ ಕೊಯ್ದು ತೆಗೆಯುವ ಕ್ವಾರಿಗಳಿವೆ. ದೊಡ್ಡ ದೇವಸ್ಥಾನದ ಸಭಾಂಗಣದ ಹಾಗೆ ಕಾಣುತ್ತವೆ. ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಸುಣ್ಣದ ಕಲ್ಲನ್ನು ನೆಲದಡಿಯಲ್ಲೇ ತೆಗೆದರು. ನಡುನಡುವೆ ಸುಮಾರು 25 ಅಡಿ ಚೌಕದ ಕಲ್ಲಿನ ಕಂಬಗಳನ್ನು ಹಾಗೇ ಬಿಟ್ಟರು. ಕಲ್ಲು ತೆಗೆದ ಆ ಜಾಗ ಈಗ ದೊಡ್ಡ ಗೋದಾಮು. ಒಳಗೆ ಲಾರಿಗಳು ಓಡಾಡುತ್ತವೆ.

ಇನ್ನೊಂದು ಸಂದರ್ಭ ಇದೆ. ತೆರೆದ ಗುಂಡಿ ಆಳವಾದಷ್ಟೂ ಅದರ ಬಾಯಿ ಅಗಲವಾಗಬೇಕು, ಇಲ್ಲದಿದ್ದರೆ ಅಂಚು ಕುಸಿಯುತ್ತದೆ. ಒಂದು ಹಂತದಲ್ಲಿ ಒಂದು ಟನ್ ಅದಿರಿಗೆ ಹತ್ತಾರು ಟನ್ ಬರೀ ಕಲ್ಲು ಹೊರಬೇಕಾಗುತ್ತದೆ. ಆಗ ಗುಂಡಿ ನಿಲ್ಲಿಸಿ ಸುರಂಗಕ್ಕೆ ಇಳಿಯುತ್ತಾರೆ. ರಾಜಸ್ಥಾನದ ರಾಂಪುರ ಅಗೂಚ ಸತುವಿನ ಗಣಿ ಹೀಗೆ ತೆರೆದ ಗಣಿಯಾಗಿ ಶುರುವಾಗಿ ಈಗ ನೆಲದಡಿಯ ಗಣಿಯಾಗಿದೆ.

ಶಾಫ್ಟ್ ಒಳ್ಳೆಯದೋ ಡಿಕ್ಲೈನೋ?

ಆಳ ನೋಡಿ ಹೇಳಬೇಕು. ಲಾರಿ ಹತ್ತಿ ಇಳಿಯುವ ಡಿಕ್ಲೈನ್ ಸಾಮಾನ್ಯವಾಗಿ 7ಕ್ಕೆ 1ರ ಇಳಿಜಾರು. ಏಳು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಕೆಳಗೆ. 200 ಮೀಟರ್ ಆಳಕ್ಕೆ 1.4 ಕಿಲೋಮೀಟರ್ ದಾರಿ ಸಾಕು. 700 ಮೀಟರ್ ಆಳಕ್ಕೆ ಸುಮಾರು 5 ಕಿಲೋಮೀಟರ್ ಆಗುತ್ತದೆ. ತುಂಬಿದ ಲಾರಿ ಆ ಐದು ಕಿಲೋಮೀಟರ್ ಏದುಸಿರು ಬಿಡುತ್ತಾ ಹತ್ತಬೇಕು. ಡೀಸೆಲ್ ಖರ್ಚು, ಹೊಗೆ, ಸಮಯ ಎಲ್ಲ ಜಾಸ್ತಿ. ಶಾಫ್ಟ್ ತೋಡಲು ವರ್ಷಗಳೇ ಬೇಕು, ಹಣವೂ ಮೊದಲೇ ಸುರಿಯಬೇಕು. ಆದರೆ ಒಮ್ಮೆ ಆದರೆ ಅದಿರು ನೇರ ಮೇಲಕ್ಕೆ ಬರುತ್ತದೆ. ಬಹಳ ಕಡೆ ಎರಡೂ ಇರುತ್ತವೆ. ಡಿಕ್ಲೈನ್‌ನಲ್ಲಿ ಬೇಗ ಕೆಲಸ ಶುರು ಮಾಡಿ, ಆಳಕ್ಕೆ ಹೋದ ಮೇಲೆ ಶಾಫ್ಟ್‌ಗೆ ಬದಲಾಗುತ್ತಾರೆ.

ಕೊರೆಯುವ ಮೊದಲೇ ಒಳಗಿನ ಬಂಡೆ ಹೇಗಿದೆ ಅಂತ ಹೇಗೆ ಗೊತ್ತಾಗುತ್ತದೆ?

ಕೋರ್ ಡ್ರಿಲ್ ಹಾಕುತ್ತಾರೆ. ವಜ್ರದ ಹರಳು ಕೂರಿಸಿದ ಟೊಳ್ಳು ಕೊಳವೆ ಬಂಡೆಯನ್ನು ಕೊರೆಯುತ್ತಾ ಹೋಗುತ್ತದೆ. ಒಳಗೆ ಕಲ್ಲಿನ ಒಂದು ಉದ್ದ ಕೋಲು ಉಳಿಯುತ್ತದೆ. ಅದನ್ನು ಹೊರತೆಗೆದು ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸುತ್ತಾರೆ. ನನಗೆ ಇವತ್ತಿಗೂ ಈ ಪೆಟ್ಟಿಗೆ ತೆರೆಯುವುದು ಅಂದರೆ ಖುಷಿ. ಒಂದು ಮೀಟರ್ ಕೋಲು ತುಂಡಾಗದೆ ಬಂದಿದ್ದರೆ ಮನಸ್ಸು ನಿರಾಳ. ಅದೇ ಜಾಗದಲ್ಲಿ ಪುಡಿ, ಜೇಡಿ, ಚೂರು ಕಂಡರೆ ಅಲ್ಲಿ ಸೀಳು ಹಾದುಹೋಗಿದೆ ಅಂತ ಅರ್ಥ.

ಲೆಕ್ಕ ಬಹಳ ಸರಳ. 10 ಸೆಂಟಿಮೀಟರ್‌ಗಿಂತ ಉದ್ದ ಇರುವ ತುಂಡುಗಳನ್ನು ಮಾತ್ರ ಅಳೆದು ಕೂಡಿಸಿ. ಒಟ್ಟು ಉದ್ದದಲ್ಲಿ ಅದು ನೂರಕ್ಕೆ ಎಷ್ಟು? 90 ದಾಟಿದರೆ ಅತ್ಯುತ್ತಮ ಬಂಡೆ, 25ಕ್ಕಿಂತ ಕಡಿಮೆಯಾದರೆ ತೀರಾ ಕೆಟ್ಟದ್ದು. ಇದಕ್ಕೆ ಆರ್‌ಕ್ಯುಡಿ ಅನ್ನುತ್ತಾರೆ. ಇದರ ಜೊತೆಗೆ ಬಿರುಕುಗಳು ಎಷ್ಟು ದಿಕ್ಕಿನಲ್ಲಿವೆ, ಅವುಗಳ ಮೈ ಒರಟೋ ನುಣುಪೋ, ಒಳಗೆ ಜೇಡಿಮಣ್ಣು ತುಂಬಿದೆಯೋ, ನೀರು ಜಿನುಗುತ್ತಿದೆಯೋ, ಒತ್ತಡ ಎಷ್ಟು ಅನ್ನುವುದನ್ನೆಲ್ಲ ಸೇರಿಸಿದರೆ ಮೇಲೆ ಹೇಳಿದ ಕ್ಯೂ ಅಂಕಿ ಸಿಗುತ್ತದೆ. ಆರ್‌ಎಂಆರ್ ಅನ್ನುವ ಇನ್ನೊಂದು ಪದ್ಧತಿ ಬಂಡೆಗೆ ನೂರಕ್ಕೆ ಇಷ್ಟು ಅಂತ ಅಂಕ ಕೊಡುತ್ತದೆ.

ಆದರೆ ಕೋರ್ ಹೇಳುವುದು ತೂತು ಹೋದ ಜಾಗದ ಕಥೆ ಮಾತ್ರ. ಎರಡು ತೂತುಗಳ ನಡುವೆ ಏನಿದೆ ಅನ್ನುವುದು ಅಂದಾಜು. ಹಾಗಾಗಿ ಪ್ರತಿ ಸಲ ಮದ್ದು ಸಿಡಿಸಿದ ಮೇಲೆ ಭೂವಿಜ್ಞಾನಿ ಹೋಗಿ ಹೊಸ ಮುಖ ನೋಡಬೇಕು, ನಕ್ಷೆ ತಿದ್ದಬೇಕು. ಕಾಗದದ ವಿನ್ಯಾಸ ಬದಲಾಯಿಸಲು ನಾಚಿಕೆ ಪಡುವ ಎಂಜಿನಿಯರ್ ಈ ಕೆಲಸಕ್ಕೆ ಆಗಿಬರುವುದಿಲ್ಲ.

ಅಷ್ಟು ದೊಡ್ಡ ಬೆಟ್ಟ ತಲೆ ಮೇಲೆ ಇದ್ದರೂ ಸುರಂಗ ಯಾಕೆ ಕುಸಿಯುವುದಿಲ್ಲ?

ಇದೇ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಬೆಟ್ಟವನ್ನು ನಾವು ಕಬ್ಬಿಣದ ಕಂಬ ಕೊಟ್ಟು ಎತ್ತಿ ಹಿಡಿದಿದ್ದೇವೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಆ ಭಾರ ಹೊರುವ ಕಬ್ಬಿಣ ಎಲ್ಲೂ ಇಲ್ಲ. ಸುರಂಗವನ್ನು ಹೊತ್ತು ನಿಲ್ಲುವುದು ಬಂಡೆಯೇ. ಅದು ತನ್ನ ಭಾರ ತಾನೇ ಹೊರುವ ಹಾಗೆ ನೋಡಿಕೊಳ್ಳುವುದಷ್ಟೇ ನಮ್ಮ ಕೆಲಸ.

ಹೊಳೆಯ ನಡುವೆ ಒಂದು ಕಲ್ಲು ಇದ್ದರೆ ನೀರು ಎರಡೂ ಪಕ್ಕ ಸುತ್ತಿ ಹೋಗುತ್ತದೆ ಅಲ್ವಾ? ಬಂಡೆಯೊಳಗಿನ ಒತ್ತಡವೂ ಹಾಗೇ ಸುರಂಗದ ಖಾಲಿ ಜಾಗವನ್ನು ಸುತ್ತಿ ಹೋಗುತ್ತದೆ. ಪಕ್ಕದಲ್ಲಿ ನೀರಿನ ವೇಗ ಜಾಸ್ತಿ ಆಗುವಂತೆ ಸುರಂಗದ ಅಂಚಿನಲ್ಲಿ ಒತ್ತಡ ಜಾಸ್ತಿ ಆಗುತ್ತದೆ. ಎಲ್ಲ ಕಡೆಯಿಂದ ಸಮನಾದ ಒತ್ತಡ ಇದ್ದರೆ ದುಂಡನೆಯ ತೂತಿನ ಅಂಚಿನಲ್ಲಿ ಅದು ಸರಿಯಾಗಿ ಎರಡು ಪಟ್ಟಾಗುತ್ತದೆ. ಬಂಡೆಯ ಶಕ್ತಿ ಅದಕ್ಕಿಂತ ಜಾಸ್ತಿ ಇದ್ದರೆ ಸುರಂಗ ನಿಲ್ಲುತ್ತದೆ. ಚೂಪು ಮೂಲೆ ಇದ್ದಲ್ಲಿ ಒತ್ತಡ ಇನ್ನೂ ಗುಡ್ಡೆಯಾಗುತ್ತದೆ. ಅದಕ್ಕೇ ಚಾವಣಿಯನ್ನು ಕಮಾನಾಗಿ ಮಾಡುತ್ತೇವೆ. ಹಳೆಯ ದೇವಸ್ಥಾನದ ಕಮಾನು, ಕಲ್ಲಿನ ಸೇತುವೆಯ ಕಮಾನು ನಿಂತಿರುವುದೂ ಇದೇ ಉಪಾಯದಿಂದ.

ಇನ್ನೊಂದು ಮಾತು. ಒತ್ತಡ ಮೇಲಿನಿಂದ ಮಾತ್ರ ಬರುವುದಿಲ್ಲ. ಪಕ್ಕದಿಂದ ಬರುವ ಒತ್ತಡ ಎಷ್ಟೋ ಕಡೆ ಮೇಲಿನದಕ್ಕಿಂತ ಜಾಸ್ತಿ ಇರುತ್ತದೆ. ಅದು ಯಾವ ದಿಕ್ಕಿನಿಂದ ಬರುತ್ತಿದೆ ಅಂತ ಅಳೆದು, ಮುಖ್ಯ ದಾರಿಗಳನ್ನು ಆ ದಿಕ್ಕಿಗೆ ಉದ್ದವಾಗಿ ಇಟ್ಟರೆ ಅರ್ಧ ತೊಂದರೆ ಕಡಿಮೆ. ಒಂದು ರೂಪಾಯಿ ಕಬ್ಬಿಣ ಹಾಕದೆ ಸಿಗುವ ಸುರಕ್ಷತೆ ಅದು.

ಕೆಜಿಎಫ್‌ನಲ್ಲಿ ಬಂಡೆ ತಾನಾಗೇ ಸಿಡಿಯುತ್ತಿತ್ತು ಅಂತಾರಲ್ಲ, ನಿಜಾನಾ?

ನಿಜ. ಅಲ್ಲಿ ಅದನ್ನು 'ಏರ್ ಬ್ಲಾಸ್ಟ್' ಅನ್ನುತ್ತಿದ್ದರು, ಪುಸ್ತಕದಲ್ಲಿ ರಾಕ್ ಬರ್ಸ್ಟ್. ಜಾನ್ ಟೇಲರ್ ಕಂಪನಿ 1880ರಲ್ಲಿ ಅಲ್ಲಿ ಆಧುನಿಕ ಗಣಿಗಾರಿಕೆ ಶುರು ಮಾಡಿತು. 2001ರಲ್ಲಿ ಮುಚ್ಚುವ ಹೊತ್ತಿಗೆ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್ ಆಳ ದಾಟಿತ್ತು.

ಆ ಆಳದಲ್ಲಿ ಏನಾಗುತ್ತದೆ ನೋಡಿ. ಪ್ರತಿ ಮೀಟರ್ ಆಳಕ್ಕೆ ಬಂಡೆಯ ಒತ್ತಡ ಸುಮಾರು 0.027 ಮೆಗಾಪಾಸ್ಕಲ್ ಏರುತ್ತದೆ. 3,000 ಮೀಟರ್‌ಗೆ 81 ಮೆಗಾಪಾಸ್ಕಲ್. ನಿಮ್ಮ ಹೆಬ್ಬೆರಳ ಉಗುರಿನಷ್ಟು ಜಾಗದ ಮೇಲೆ ಒಂದು ಆಲ್ಟೊ ಕಾರಿನಷ್ಟು ಭಾರ. ಸುರಂಗದ ಅಂಚಿನಲ್ಲಿ ಅದರ ಎರಡು ಪಟ್ಟು, ಅಂದರೆ 160 ದಾಟಿತು. ಗಟ್ಟಿ ಗ್ರಾನೈಟ್‌ನ ಶಕ್ತಿಯೇ 100ರಿಂದ 200ರ ಒಳಗೆ. ಮೆತ್ತನೆ ಬಂಡೆಯಾದರೆ ನಿಧಾನಕ್ಕೆ ಹಿಸುಕಿಕೊಂಡು ಒಳಗೆ ಬರುತ್ತದೆ. ಗಟ್ಟಿ ಬಂಡೆ ಬಾಗುವುದಿಲ್ಲ. ಬಿಲ್ಲಿನ ಹಾಗೆ ಒತ್ತಡ ಹಿಡಿದಿಟ್ಟುಕೊಂಡು ಒಮ್ಮೆಲೇ ಸಿಡಿಯುತ್ತದೆ. ದೊಡ್ಡ ಸಿಡಿತವಾದಾಗ ಮೇಲೆ ಊರಿನ ಮನೆಗಳೂ ನಡುಗುತ್ತಿದ್ದವು. ಎಷ್ಟೋ ಕಾರ್ಮಿಕರು ಹೀಗೆ ಜೀವ ಕಳೆದುಕೊಂಡರು.

ಅಲ್ಲಿನವರು ಕಲಿತ ಪಾಠಗಳು ಜಗತ್ತಿಗೇ ಉಪಯೋಗಕ್ಕೆ ಬಂದವು. ಅದಿರು ತೆಗೆದ ಜಾಗಕ್ಕೆ ಮರದ ಆಧಾರ ಕೊಟ್ಟರೆ ಅದು ಕುಗ್ಗುತ್ತದೆ. ಹಾಗಾಗಿ ಗ್ರಾನೈಟ್ ಕಲ್ಲಿನ ಗೋಡೆ ಕಟ್ಟಿ ತುಂಬಿದರು. ಯಾವ ಜಾಗವನ್ನು ಮೊದಲು ತೆಗೆಯಬೇಕು, ಯಾವುದನ್ನು ಆಮೇಲೆ ಅನ್ನುವ ಸರದಿಯನ್ನೇ ಬದಲಾಯಿಸಿದರು. ಎರಡು ಕಡೆಯಿಂದ ತೆಗೆಯುತ್ತಾ ಬಂದು ನಡುವೆ ಸಣ್ಣ ತುಂಡು ಉಳಿಸಿದರೆ ಎಲ್ಲ ಒತ್ತಡವೂ ಆ ತುಂಡಿನ ಮೇಲೆ ಬೀಳುತ್ತದೆ. ಅದೇ ಅತಿ ಅಪಾಯದ ಜಾಗ. ನಮ್ಮ ದೇಶದ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಕೆಜಿಎಫ್‌ನಲ್ಲೇ ಶುರುವಾಗಿದ್ದು ಸುಮ್ನೆ ಅಲ್ಲ.

ಸುರಂಗ ಕೊರೆಯುವ ಒಂದು ದಿನದ ಕೆಲಸ ಹೇಗಿರುತ್ತದೆ?

5 ಮೀಟರ್ ಅಗಲ, 5 ಮೀಟರ್ ಎತ್ತರದ ಒಂದು ದಾರಿ ತಗೊಳ್ಳೋಣ. ಎದುರಿಗೆ ಬರೀ ಕಲ್ಲಿನ ಗೋಡೆ. ಇದಕ್ಕೆ ಫೇಸ್ ಅನ್ನುತ್ತಾರೆ.

ಮೊದಲು ಸರ್ವೆಯವರು ಬಂದು ಬಣ್ಣದಿಂದ ನಡುಗೆರೆ, ಅಂಚು, ತೂತಿನ ಜಾಗ ಗುರುತು ಹಾಕುತ್ತಾರೆ. ಆಮೇಲೆ ಜಂಬೋ ಬರುತ್ತದೆ. ಎರಡು ಉದ್ದ ಕೈ ಇರುವ ಕೊರೆಯುವ ಯಂತ್ರ ಅದು. ಹೆಚ್ಚೂಕಡಿಮೆ 60 ತೂತು, ಒಂದೊಂದೂ ಮೂರೂವರೆ ಮೀಟರ್ ಆಳ. ಹೆಬ್ಬೆರಳು ಸಲೀಸಾಗಿ ಹೋಗುವಷ್ಟು, 45 ಮಿಲಿಮೀಟರ್ ಅಗಲ. ನಡುವೆ ಮಾತ್ರ ಎರಡೋ ಮೂರೋ ದಪ್ಪ ತೂತು ಕೊರೆದು ಅವಕ್ಕೆ ಮದ್ದು ಹಾಕದೆ ಖಾಲಿ ಬಿಡುತ್ತಾರೆ.

ಯಾಕೆ ಖಾಲಿ? ಕಲ್ಲು ಒಡೆದರೆ ಅದಕ್ಕೆ ಹೋಗಲು ಜಾಗ ಬೇಕು. ಗಟ್ಟಿ ಗೋಡೆಯಲ್ಲಿ ಎಲ್ಲ ತೂತನ್ನೂ ಒಟ್ಟಿಗೆ ಸಿಡಿಸಿದರೆ ಕಲ್ಲು ಎಲ್ಲಿಗೂ ಹೋಗದೆ ಅಲ್ಲೇ ಬಿರುಕು ಬಿಟ್ಟು ಕೂರುತ್ತದೆ. ಹಾಗಾಗಿ ಮೊದಲು ಖಾಲಿ ತೂತುಗಳ ಪಕ್ಕದ ಮದ್ದು ಸಿಡಿದು ನಡುವೆ ಒಂದು ಬಾವಿಯಂಥ ಪೊಟರೆ ಮಾಡುತ್ತದೆ. ಆಮೇಲೆ ಅದರ ಸುತ್ತಿನವು, ಆಮೇಲೆ ಅದರಾಚೆಯವು. ಒಂದೊಂದು ಸುತ್ತಿಗೂ ನಡುವೆ ಕಣ್ಣು ಮಿಟುಕಿಸುವಷ್ಟು ಅಂತರ. ಅಂಚಿನ ತೂತುಗಳಿಗೆ ಮದ್ದು ಕಡಿಮೆ, ತೂತುಗಳು ಹತ್ತಿರ ಹತ್ತಿರ. ಅಂಚು ಚೆನ್ನಾಗಿ ಕತ್ತರಿಸಿದ ಹಾಗೆ ಬರಬೇಕು, ಆಚೆಯ ಬಂಡೆಗೆ ಪೆಟ್ಟು ಬೀಳಬಾರದು. ಆ ಬಂಡೆಯೇ ತಾನೆ ನಮ್ಮನ್ನು ಕಾಯುವುದು! ಮುಗಿದ ಸುರಂಗದ ಗೋಡೆ ಮೇಲೆ ಅರ್ಧ ಕೊಳವೆಯ ಹಾಗೆ ತೂತಿನ ಗುರುತು ಸಾಲಾಗಿ ಉಳಿದಿದ್ದರೆ ಅಲ್ಲಿ ಒಳ್ಳೆಯ ಬ್ಲಾಸ್ಟರ್ ಕೆಲಸ ಮಾಡಿದ್ದಾರೆ ಅಂತ ತಿಳಿಯಿರಿ.

ಮದ್ದು ತುಂಬಿ, ಎಲ್ಲರನ್ನೂ ದೂರ ಕಳಿಸಿ, ದಾರಿಗಳಿಗೆ ಕಾವಲು ನಿಲ್ಲಿಸಿ, ಸಿಡಿಸುತ್ತಾರೆ. ಹೆಚ್ಚಾಗಿ ಪಾಳಿ ಬದಲಾಗುವ ಹೊತ್ತಿಗೆ. ಆಮೇಲೆ ಕಾಯಬೇಕು. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆಯೇ ಇಲ್ಲ. ಫ್ಯಾನ್ ಗಾಳಿ ಹೊಗೆಯನ್ನೆಲ್ಲ ತಳ್ಳಿದ ಮೇಲೆ, ಅನಿಲ ಅಳೆದು ನೋಡಿ, ಒಳಹೋಗಬೇಕು. ಸಿಡಿಯದೆ ಉಳಿದ ಮದ್ದು ಇದೆಯಾ ಅಂತ ಹುಡುಕಬೇಕು.

ಮುಂದಿನ ಹೆಜ್ಜೆ ಸ್ಕೇಲಿಂಗ್. ಉದ್ದ ಹಾರೆ ಹಿಡಿದು ಚಾವಣಿ ತಟ್ಟುತ್ತಾ ಸಡಿಲ ಕಲ್ಲು ಕೆಡವುವುದು. ಗಟ್ಟಿ ಕಲ್ಲಿಗೆ ತಟ್ಟಿದರೆ 'ಟಣ್' ಅನ್ನುತ್ತದೆ. ಸಡಿಲವಾದದ್ದು 'ಡಬ್' ಅನ್ನುತ್ತದೆ, ಒಡೆದ ಮಡಕೆ ಹಾಗೆ. ನಾನು ಹೊಸಬನಾಗಿದ್ದಾಗ ಒಂದು ಗಣಿಯಲ್ಲಿ ಫೇಸ್ ಮೇಲೆ ಬಿಳಿ ಕ್ವಾರ್ಟ್ಸ್ ಪಟ್ಟಿ ಹೊಳೆಯುತ್ತಿದ್ದುದು ಕಂಡು ಆಸೆಯಿಂದ ಮುಂದೆ ಹೋಗಿಬಿಟ್ಟೆ. ಇನ್ನೂ ಸ್ಕೇಲಿಂಗ್ ಆಗಿರಲಿಲ್ಲ. ರಾಯಚೂರು ಕಡೆಯ ವಯಸ್ಸಾದ ಮೇಟ್ (ಕೆಲಸದ ತಂಡದ ಮೇಸ್ತ್ರಿ) ಒಬ್ಬರು ನನ್ನ ಬೆಲ್ಟ್ ಹಿಡಿದು ಹಿಂದಕ್ಕೆ ಎಳೆದರು. "ಸರ, ಮೊದಲು ಕಿವಿ ಕೊಡ್ರಿ, ಆಮ್ಯಾಲ ಕಾಲಿಡ್ರಿ" ಅಂದರು. ಹಾರೆಯಿಂದ ತಟ್ಟಿದರು. 'ಡಬ್'. ಒಮ್ಮೆ ಮೀಟಿದ್ದಕ್ಕೆ ಒರಳುಕಲ್ಲಿನಷ್ಟು ದೊಡ್ಡ ಕಲ್ಲು ನಾನು ನಿಂತಿದ್ದ ಜಾಗಕ್ಕೆ ಬಿತ್ತು. ಬಿಳಿ ಕ್ವಾರ್ಟ್ಸ್ ಕಂಡಾಗಲೆಲ್ಲ ಆ ಬೆಲ್ಟ್ ಎಳೆತ ಇವತ್ತಿಗೂ ನೆನಪಾಗುತ್ತದೆ.

ಆಮೇಲೆ ಕಲ್ಲು ಹೊರುವ ಕೆಲಸ. ಕೊರೆದು ಸಿಡಿಸುವ ಒಂದು ಸುತ್ತಿನಲ್ಲಿ ಸುಮಾರು 3 ಮೀಟರ್ ಮುಂದೆ ಹೋದರೂ 200 ಟನ್ ಕಲ್ಲು. ಒಡೆದ ಕಲ್ಲು ಉಬ್ಬಿ ಒಂದೂವರೆ ಪಟ್ಟು ಜಾಗ ತಗೊಳ್ಳುತ್ತದೆ. 30 ಟನ್ ಲಾರಿಗೆ ಏಳು ಸಲದ ಓಡಾಟ. ಅದಾದ ಮೇಲೆ ಚಾವಣಿಗೆ ಬೋಲ್ಟ್, ಪೈಪು, ಕೇಬಲ್, ಗಾಳಿಯ ದಪ್ಪ ಕೊಳವೆ ಮುಂದಕ್ಕೆ. ಮತ್ತೆ ಸರ್ವೆಯವರು. ದಿನಕ್ಕೆ ಒಂದು ಸುತ್ತು, ಚೆನ್ನಾಗಿ ನಡೆದರೆ ಎರಡು.

ಮೆಟ್ರೊಗೆ ತಂದ ದೊಡ್ಡ ಸುರಂಗ ಯಂತ್ರ ಗಣಿಗೆ ಯಾಕೆ ತರಲ್ಲ?

ಆ ಯಂತ್ರಕ್ಕೆ ಉದ್ದನೆಯ, ಹೆಚ್ಚು ತಿರುವಿಲ್ಲದ ದಾರಿ ಬೇಕು. ಗಣಿಯ ದಾರಿ ಅದಿರು ಹೋದಲ್ಲಿ ಹೋಗಬೇಕು. ಅದಿರು ಮಡಚಿಕೊಂಡರೆ ದಾರಿಯೂ ತಿರುಗಬೇಕು. ಅಪರೂಪಕ್ಕೆ ಬಳಸುತ್ತಾರೆ, ಅಮೆರಿಕದ ಮೊಂಟಾನದ ಸ್ಟಿಲ್‌ವಾಟರ್ ಗಣಿ ಒಂದು ಉದಾಹರಣೆ. ಆದರೆ ರೈಸ್ ಬೋರರ್ ಅನ್ನುವ ಯಂತ್ರ ಈಗ ಎಲ್ಲ ಕಡೆ ಇದೆ. ಮೇಲಿನ ಲೆವೆಲ್‌ನಿಂದ ಕೆಳಗಿನ ಲೆವೆಲ್‌ಗೆ ಮೊದಲು ಒಂದು ಸಣ್ಣ ತೂತು ಕೊರೆಯುತ್ತಾರೆ. ಕೆಳಗೆ ಅದಕ್ಕೆ ಅಗಲವಾದ ತಲೆ ಜೋಡಿಸಿ ತಿರುಗಿಸುತ್ತಾ ಮೇಲಕ್ಕೆ ಎಳೆಯುತ್ತಾರೆ. ಒಬ್ಬ ಮನುಷ್ಯನೂ ಒಳಗೆ ನಿಲ್ಲದೆ ಗಾಳಿಯ ಬಾವಿ ತಯಾರು. ಮೊದಲೆಲ್ಲ ರೈಸ್ ಕೊರೆಯುವವರು ಹಲಗೆ ಮೇಲೆ ನಿಂತು ತಲೆ ಮೇಲಿನ ಬಂಡೆಗೇ ಮದ್ದು ತುಂಬುತ್ತಿದ್ದರು. ಇದು ಎಷ್ಟು ಜೀವ ಉಳಿಸಿದೆ ಅಂತ ಆ ಕೆಲಸ ಮಾಡಿದವರನ್ನು ಕೇಳಬೇಕು.

ಚಾವಣಿಗೆ ಹಾಕುವ ಬೋಲ್ಟ್ ಏನು ಮಾಡುತ್ತದೆ?

ಉತ್ತರ ಕರ್ನಾಟಕದ ಕೌದಿ ನೋಡಿದ್ದೀರಾ? ಹಳೆಯ ಸೀರೆಯ ಪದರಗಳನ್ನು ಒಂದರ ಮೇಲೊಂದು ಇಟ್ಟು ಹೊಲಿಗೆ ಹಾಕುತ್ತಾರೆ. ಬಿಡಿಬಿಡಿಯಾಗಿ ಹರಿದುಹೋಗುವ ಬಟ್ಟೆ ಹೊಲಿದ ಮೇಲೆ ಒಂದೇ ದಪ್ಪ ಹೊದಿಕೆ ಆಗುತ್ತದೆ. ರಾಕ್ ಬೋಲ್ಟ್ ಮಾಡುವುದೂ ಅದನ್ನೇ. 5 ಮೀಟರ್ ಅಗಲದ ದಾರಿಗೆ ಎರಡು, ಎರಡೂವರೆ ಮೀಟರ್ ಉದ್ದದ ಸರಳನ್ನು ಚಾವಣಿಯೊಳಗೆ ಕೊರೆದು, ಸಿಮೆಂಟ್ ಅಥವಾ ರಾಳ ತುಂಬಿ ಅಂಟಿಸುತ್ತಾರೆ. ಬಿರುಕು ಬಿಟ್ಟ ತುಂಡುಗಳು ಒಂದಕ್ಕೊಂದು ಬಿಗಿದುಕೊಂಡು ಕಮಾನಿನಂತೆ ನಿಲ್ಲುತ್ತವೆ. ಬೋಲ್ಟ್‌ಗಳ ನಡುವೆ ಸಣ್ಣ ಚೂರು ಉದುರದಂತೆ ಕಬ್ಬಿಣದ ಜಾಲರಿ, ಬೇಕಾದರೆ ಶಾಟ್‌ಕ್ರೀಟ್ ಅಂದರೆ ರಭಸವಾಗಿ ಎರಚುವ ಕಾಂಕ್ರೀಟ್. ತೀರಾ ಪುಡಿ ಬಂಡೆಯಲ್ಲಿ ಮಾತ್ರ ಕಬ್ಬಿಣದ ಕಮಾನು.

ಬೋಲ್ಟ್ ತಡವಾದರೆ ಬಂಡೆ ಆಗಲೇ ಸಡಿಲಗೊಂಡಿರುತ್ತದೆ. ಹೊತ್ತಿಗೆ ಸರಿಯಾಗಿ ಹಾಕಿದ ನಾಲ್ಕು ಬೋಲ್ಟ್, ತಡವಾಗಿ ಹಾಕಿದ ಹತ್ತಕ್ಕಿಂತ ಮೇಲು.

ಕತ್ತಲಲ್ಲಿ ದಿಕ್ಕು ಹೇಗೆ ತಪ್ಪುವುದಿಲ್ಲ?

ಒಳಗೆ ಜಿಪಿಎಸ್ ಸಿಗುವುದಿಲ್ಲ. ಹಳೆಯ ಉಪಾಯ ಎಷ್ಟು ಚಂದ ಅಂದರೆ, ಶಾಫ್ಟ್‌ನಲ್ಲಿ ಎರಡು ತೆಳು ತಂತಿ ಇಳಿಬಿಟ್ಟು ತುದಿಗೆ ಭಾರದ ಗುಂಡು ಕಟ್ಟುತ್ತಿದ್ದರು. ಗುಂಡು ತೂಗಾಡದಂತೆ ಅದನ್ನು ಎಣ್ಣೆಯ ಬಕೆಟ್‌ನಲ್ಲಿ ಮುಳುಗಿಸುತ್ತಿದ್ದರು. ಮೇಲೆ ಆ ಎರಡು ತಂತಿಗಳ ನಡುವಿನ ದಿಕ್ಕು ಅಳೆದರೆ ಅದೇ ದಿಕ್ಕು ಕೆಳಗೂ ಸಿಕ್ಕಿತು. ಅಲ್ಲಿಂದ ಕಿಲೋಮೀಟರ್‌ಗಟ್ಟಲೆ ಅಳೆದುಕೊಂಡು ಹೋಗಿ, ಎರಡು ಕಡೆಯಿಂದ ಬಂದ ಸುರಂಗಗಳು ಎದುರುಬದುರಾಗಿ ಕೂಡುತ್ತಿದ್ದವು. ಈಗ ತಾನಾಗೇ ಉತ್ತರ ದಿಕ್ಕು ಹಿಡಿಯುವ ಗೈರೊ ಥಿಯೋಡೊಲೈಟ್, ಲೇಸರ್ ಬಂದಿವೆ.

ಗಾಳಿ, ಬಿಸಿ, ಧೂಳು?

ಒಂದು ಶಾಫ್ಟ್‌ನಿಂದ ಗಾಳಿ ಒಳಗೆ, ಇನ್ನೊಂದರಿಂದ ಹೊರಗೆ. ಹೊರಹೋಗುವ ಕಡೆ ದೊಡ್ಡ ಫ್ಯಾನ್ ಎಳೆಯುತ್ತಿರುತ್ತದೆ. ಗಾಳಿ ಸುಲಭದ ದಾರಿ ಹಿಡಿದು ಓಡಿಬಿಡದಂತೆ ಒಳಗೆ ಬಾಗಿಲು, ತಡೆಗೋಡೆ ಇಡುತ್ತಾರೆ. ಒಂದೇ ಬಾಯಿಯ ಹೊಸ ಸುರಂಗಕ್ಕೆ ಕೊಳವೆಯಲ್ಲಿ ಗಾಳಿ ಕಳಿಸಬೇಕು. ದಾರಿಯ ಅಗಲ ನಿರ್ಧರಿಸುವಾಗ ಲಾರಿಯ ಜೊತೆ ಈ ಕೊಳವೆಯ ದಪ್ಪವನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ಅದನ್ನು ಮರೆತರೆ ಲಾರಿ ಕೊಳವೆಯನ್ನು ಹರಿದುಕೊಂಡು ಹೋಗುತ್ತದೆ.

ಕೆಜಿಎಫ್‌ನ ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟಿತ್ತು. ಗಾಳಿ ತಂಪು ಮಾಡಿ ಕಳಿಸದೆ ಅಲ್ಲಿ ಕೆಲಸವೇ ಸಾಧ್ಯವಿರಲಿಲ್ಲ.

ಧೂಳಿನ ವಿಷಯ ಬಂದರೆ ನನ್ನ ದನಿ ಗಟ್ಟಿಯಾಗುತ್ತದೆ. ಕ್ವಾರ್ಟ್ಸ್ ಧೂಳು ಪುಪ್ಪುಸಕ್ಕೆ ಹೋದರೆ ಸಿಲಿಕೋಸಿಸ್. ಅದಕ್ಕೆ ವಾಸಿ ಅನ್ನುವುದೇ ಇಲ್ಲ. 1940ರ ದಶಕದಲ್ಲಿ ಕೆಜಿಎಫ್ ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 40ಕ್ಕೂ ಹೆಚ್ಚು ಜನರಲ್ಲಿ ಅದು ಕಂಡಿತು. ತಡೆಯುವ ಮುಖ್ಯ ಉಪಾಯ ನೀರು. ಕೊರೆಯುವಾಗ ತೂತಿಗೆ ನೀರು, ಒಡೆದ ಕಲ್ಲಿನ ಮೇಲೆ ನೀರು. ನಿಮ್ಮೂರಿನ ಕಲ್ಲು ಕ್ವಾರಿಯಲ್ಲಿ ಒಣ ಡ್ರಿಲ್ಲಿಂಗ್ ನಡೆಯುತ್ತಿದ್ದರೆ, ಬಿಳಿ ಮೋಡ ಏಳುತ್ತಿದ್ದರೆ, ಅದು ತಪ್ಪು. ಬಾಯಿಗೆ ಟವೆಲ್ ಕಟ್ಟಿಕೊಂಡರೆ ಆ ಸಣ್ಣ ಧೂಳು ನಿಲ್ಲುವುದಿಲ್ಲ.

ನೀರು ನುಗ್ಗಿದರೆ?

ದಿನನಿತ್ಯ ಜಿನುಗುವ ನೀರಿಗೆ ದಾರಿಯನ್ನು ಸ್ವಲ್ಪ ವಾಟವಾಗಿ ಮಾಡಿ, ಚರಂಡಿ ತೆಗೆದು, ತಳದ ಗುಂಡಿಗೆ ಸೇರಿಸಿ ಪಂಪ್ ಮಾಡುತ್ತಾರೆ. ಭಯ ಇರುವುದು ಹಳೆಯ ಗಣಿಯಲ್ಲಿ ತುಂಬಿ ನಿಂತ ನೀರಿನದ್ದು. 1975ರ ಡಿಸೆಂಬರ್ 27ರಂದು ಧನಬಾದ್ ಹತ್ತಿರದ ಚಾಸ್ನಾಲಾ ಕಲ್ಲಿದ್ದಲು ಗಣಿಗೆ ಹಾಗೆ ನೀರು ನುಗ್ಗಿ 375 ಜನ ಸತ್ತರು. ಹಳೆಯ ಗಣಿ ಪಕ್ಕದಲ್ಲಿದ್ದರೆ ಮುಂದಕ್ಕೆ ಉದ್ದ ಪರೀಕ್ಷಾ ತೂತು ಕೊರೆದು ನೋಡಿಕೊಂಡೇ ಸಾಗಬೇಕು. ಹಳೆಯ ನಕ್ಷೆಗಳನ್ನು ಜೋಪಾನವಾಗಿ ಇಡುವುದು ಜೀವ ಉಳಿಸುವ ಕೆಲಸ.

ದಾರಿ ಕುಸಿದು ಒಳಗೆ ಸಿಕ್ಕಿಕೊಂಡರೆ ಏನು ಗತಿ?

ಅದಕ್ಕೇ ಕೆಲಸ ನಡೆಯುವ ಗಣಿಗೆ ನೆಲದ ಮೇಲಕ್ಕೆ ಎರಡು ಬೇರೆ ಬೇರೆ ದಾರಿ ಇರಲೇಬೇಕು ಅನ್ನುತ್ತದೆ ನಿಯಮ. ವಿನ್ಯಾಸ ಮಾಡುವಾಗ ಎರಡನೇ ದಾರಿಯನ್ನು ಖರ್ಚು ಅಂತ ನೋಡಬಾರದು. ಇನ್ನೂ ಕೊರೆಯುತ್ತಿರುವ ಒಂಟಿ ಬಾಯಿಯ ಸುರಂಗವೇ ಹೆಚ್ಚು ಅಪಾಯದ್ದು. 2023ರ ನವೆಂಬರ್ 12ರಂದು ಉತ್ತರಾಖಂಡದ ಸಿಲ್ಕ್ಯಾರ ರಸ್ತೆ ಸುರಂಗದಲ್ಲಿ ಆಗಿದ್ದು ಅದೇ. ಹಿಂದೆ ಕುಸಿಯಿತು, ಮುಂದೆ ಬಂಡೆ. 41 ಜನ 17 ದಿನ ಒಳಗಿದ್ದರು. ಯಂತ್ರ ಕಬ್ಬಿಣಕ್ಕೆ ಸಿಕ್ಕಿ ಮುರಿದ ಮೇಲೆ, ಇಲಿಬಿಲದಂಥ ಗಣಿಗಳಲ್ಲಿ ಕೈಯಿಂದ ತೋಡಿ ಗೊತ್ತಿದ್ದವರು ಕೊಳವೆಯೊಳಗೆ ಕೂತು ಕೊನೆಯ ಕೆಲವು ಮೀಟರ್ ತೋಡಿ ಎಲ್ಲರನ್ನೂ ಹೊರತಂದರು.

ಅದಕ್ಕೂ ಮೊದಲು 1989ರಲ್ಲಿ ಬಂಗಾಳದ ರಾಣಿಗಂಜ್‌ನ ಮಹಾವೀರ್ ಗಣಿಗೆ ನೀರು ನುಗ್ಗಿತ್ತು. ಎಂಜಿನಿಯರ್ ಜಸ್ವಂತ್ ಸಿಂಗ್ ಗಿಲ್ ಮೇಲಿನಿಂದ ಅಗಲದ ತೂತು ಕೊರೆಸಿ, ಉಕ್ಕಿನ ಒಂದು ಪೆಟ್ಟಿಗೆ ಮಾಡಿಸಿ, ತಾವೇ ಅದರಲ್ಲಿ ಕೆಳಗಿಳಿದರು. ಒಬ್ಬೊಬ್ಬರಾಗಿ 65 ಜನರನ್ನು ಮೇಲೆ ಕಳಿಸಿದರು.

ಯಂತ್ರವಿಲ್ಲದ ಕಾಲದಲ್ಲಿ ಹೇಗೆ ಕೊರೆಯುತ್ತಿದ್ದರು?

ಬೆಂಕಿಯಿಂದ. ಬಂಡೆಗೆ ಸೌದೆ ಒಟ್ಟಿ ಕಾಯಿಸಿ ಬಿರುಕು ಬಿಡಿಸಿ, ಆಮೇಲೆ ಉಳಿ ಸುತ್ತಿಗೆಯಿಂದ ಕೀಳುತ್ತಿದ್ದರು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಹೊಸ ಗಣಿಗಾರಿಕೆ ಶುರುವಾದಾಗ ನೂರಾರು ಅಡಿ ಆಳದವರೆಗೂ ಹಳೆಯವರು ಹೋಗಿದ್ದ ಗುರುತು ಸಿಕ್ಕಿತು. ಸುಮಾರು ಎರಡು ಸಾವಿರ ವರ್ಷ ಹಳೆಯವು. ಅಶೋಕನ ಶಾಸನವಿರುವ ಮಸ್ಕಿ ಅಲ್ಲಿಂದ ದೂರವೇನಿಲ್ಲ. ಪಂಪಿಲ್ಲ, ಫ್ಯಾನಿಲ್ಲ, ಎಣ್ಣೆ ದೀಪ ಒಂದೇ. ಅಷ್ಟು ಆಳದಲ್ಲಿ ಬೆಂಕಿ ಹಾಕಿ ಉಸಿರಾಡಿದ್ದು ಹೇಗೆ ಅಂತ ಯೋಚಿಸಿದಾಗಲೆಲ್ಲ ಕೈ ಮುಗಿಯಬೇಕು ಅನಿಸುತ್ತದೆ.

ಗಣಿ ಮುಚ್ಚಿದ ಮೇಲೆ ಸುರಂಗಗಳು ಏನಾಗುತ್ತವೆ?

ಪಂಪ್ ನಿಂತರೆ ನೀರು ತುಂಬುತ್ತದೆ. ಕೆಜಿಎಫ್‌ಗೂ ಹಾಗೇ ಆಯಿತು. ಆ ನೀರಿನಲ್ಲಿ ಮುಳುಗಿದ್ದು ಬರೀ ಚಿನ್ನದ ದಾರಿಯಲ್ಲ. 1965ರಲ್ಲಿ ಅಲ್ಲಿ 2.3 ಕಿಲೋಮೀಟರ್ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳ ಜೊತೆ ಸೇರಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಅನ್ನುವ ಅತಿ ಸಣ್ಣ ಕಣಗಳ ಗುರುತು ಹಿಡಿದಿದ್ದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲೂ ಇದೇ ಸಿಕ್ಕಿತು. ಆ ಪ್ರಯೋಗದ ಜಾಗವೂ ಈಗ ನೀರಿನಡಿ ಇದೆ. ಇದು ನನಗೆ ನಿಜವಾದ ಬೇಸರ.

ಈ ಕೆಲಸ ಕಲಿಯಬೇಕು ಅಂದರೆ ಎಲ್ಲಿ? ಹುಡುಗಿಯರು ಸೇರಬಹುದಾ?

ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಮೈನಿಂಗ್ ಎಂಜಿನಿಯರಿಂಗ್ ಇದೆ. ಧನಬಾದ್‌ನ ಗಣಿ ಶಿಕ್ಷಣ ಸಂಸ್ಥೆ, ಈಗಿನ ಐಐಟಿ (ಐಎಸ್‌ಎಂ), 1926ರಿಂದ ಇದೆ. ಡಿಗ್ರಿ ಆದ ಮೇಲೂ ಗಣಿ ನಡೆಸಲು ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಪರೀಕ್ಷೆ ಪಾಸಾಗಬೇಕು. ಬ್ಲಾಸ್ಟರ್, ಮೇಟ್ ಆಗಲೂ ಪ್ರಮಾಣಪತ್ರ ಬೇಕು. ಹೆಂಗಸರು ನೆಲದಡಿ ಕೆಲಸ ಮಾಡಬಾರದು ಅನ್ನುವ ಹಳೆಯ ನಿರ್ಬಂಧವನ್ನು 2019ರಲ್ಲಿ ಸಡಿಲಿಸಿದರು. ಖಂಡಿತ ಸೇರಿ.

ಮೊದಲ ಸಲ ಗಣಿ ನೋಡಲು ಹೋಗುತ್ತಿದ್ದೇನೆ. ಏನು ಗಮನಿಸಲಿ?

ಇಳಿಯುವ ಮೊದಲು ಟೋಕನ್ ಕೊಡುತ್ತಾರೆ. ನಿಮ್ಮ ಸಂಖ್ಯೆ ಒಂದು ಹಲಗೆಯ ಮೊಳೆಗೆ ನೇತಾಡುತ್ತಿರುತ್ತದೆ. ದೀಪದ ಬ್ಯಾಟರಿ ಸೊಂಟಕ್ಕೆ ಸರಿಯಾಗಿ ಕಟ್ಟಿಕೊಳ್ಳಿ. ಕೇಜ್ (ಶಾಫ್ಟ್‌ನ ಲಿಫ್ಟ್) ಇಳಿಯುವಾಗ ಕಿವಿ ಗುಂಯ್ ಅನ್ನುತ್ತದೆ, ಎಂಜಲು ನುಂಗಿ. ಒಳಗೆ ಜೊತೆಗಿದ್ದವರು ನಿಂತಲ್ಲಿ ನಿಲ್ಲಿ, ಚಾವಣಿಯ ಬೋಲ್ಟ್ ಸಾಲು ನೋಡಿ, ಮುಖಕ್ಕೆ ಗಾಳಿ ಯಾವ ಕಡೆಯಿಂದ ಬಡಿಯುತ್ತಿದೆ ಅಂತ ಗಮನಿಸಿ. ಒಂದು ಸಲ ಎಲ್ಲರೂ ದೀಪ ಆರಿಸಲು ಹೇಳಿ. ಅಂಥ ಕತ್ತಲು ಮೇಲೆ ಎಲ್ಲೂ ಸಿಗುವುದಿಲ್ಲ. ಮೇಲೆ ಬಂದ ಮೇಲೆ ಟೋಕನ್ ವಾಪಸ್ ಕೊಡುವುದನ್ನು ಮರೆಯಬೇಡಿ. ಅದು ವಾಪಸ್ ಬರುವವರೆಗೆ ಅಲ್ಲಿ ಕೂತವರು ನಿಮಗಾಗಿ ಕಾಯುತ್ತಿರುತ್ತಾರೆ.